ಕಡ್ಡಿಯ ಹಿಂದೆ ಬಂದ ಅಳಿಯ

ನಾಲ್ಕು ಕಾಲಿದ್ದ ಮಾತ್ರಕ್ಕೆ ಅದನ್ನು ನಾಯಿ ಅನ್ನಬೇಕಾದರೆ ನಮ್ಮ ಮನೆಯ ಊಟದ ಮೇಜೂ ನಾಯಿಯೇ. ಮೇಜಾದರೂ ತಟ್ಟೆ ಇಟ್ಟರೆ ಹೊತ್ತುಕೊಂಡು ಸುಮ್ಮನೆ ನಿಲ್ಲುತ್ತದೆ. ಇದು ನಿಂತಲ್ಲಿ ನಿಲ್ಲುವುದಿಲ್ಲ, ನಿಂತರೂ ಸೊಂಟ ಕುಣಿಸುತ್ತದೆ. ಈ ರೋಬೋ ನಾಯಿಯ ಪೆಟ್ಟಿಗೆ ಬಿಚ್ಚಿದ ದಿನ ನಮ್ಮ ಮುಖ್ಯಸ್ಥರು ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, "ಇವತ್ತಿಂದ ಇದೂ ನಮ್ಮ ಸಿಬ್ಬಂದಿ" ಎಂದರು. ಮೂವತ್ತು ವರ್ಷ ದುಡಿದವರ ಹೆಸರು ಅವರಿಗೆ ನೆನಪಿರುವುದಿಲ್ಲ. ಮೂರು ನಿಮಿಷದ ಹಿಂದೆ ಪೆಟ್ಟಿಗೆಯಿಂದ ಎದ್ದದ್ದು ಮಾತ್ರ ಸಿಬ್ಬಂದಿ!

ಇರಲಿ. ನಾನು ಹೇಳಹೊರಟಿರುವುದು ಅದರ ಕಥೆಯಲ್ಲ, ನನ್ನ ಗಂಡನ ಕಥೆ. ನಡುನಡುವೆ ಅದೂ ಕಾಲು ಹಾಕುತ್ತದೆ. ಏನು ಮಾಡಲಿ, ನಾಲ್ಕಿವೆಯಲ್ಲ.

ನಾವು ಕೆಲಸ ಮಾಡುವುದು ಊರಿಗೆ ಕುಡಿಯುವ ನೀರು ಎತ್ತಿ ಕಳಿಸುವ ಪಂಪ್‌ಹೌಸಿನಲ್ಲಿ. ಉದ್ದನೆಯ ಹಜಾರ, ಎರಡು ಸಾಲಿನಲ್ಲಿ ಆಳೆತ್ತರದ ಹನ್ನೆರಡು ಪಂಪುಗಳು. ಕಬ್ಬಿಣದ ಮೆಟ್ಟಿಲು ಇಳಿದರೆ ವಾಲ್ವುಗಳಿರುವ ಗುಂಡಿ. ಮೇಲಿನ ಪಂಪುಗಳಿಂದ ಇಳಿದ ಶಾಫ್ಟುಗಳು ಆ ಗುಂಡಿಯ ನಡುವೆಯೇ ಗಿರಗಿರ ತಿರುಗುತ್ತಿರುತ್ತವೆ. ಇನ್ನೂ ಇಳಿದರೆ ಕೊಳವೆಗಳ ಸುರಂಗ. ನನ್ನ ಗಂಡ ಇಲ್ಲಿ ಸುತ್ತು ಹೊಡೆಯುವವರು. ದಿನಕ್ಕೆ ನಾಲ್ಕು ಸುತ್ತು. ಪ್ರತಿ ಪಂಪಿನ ಮುಂದೆ ನಿಂತು ಅದರ ಯೋಗಕ್ಷೇಮ ವಿಚಾರಿಸುವುದು. ಕೈಯಲ್ಲಿ ಮೊಳದುದ್ದದ ಒಂದು ಉಕ್ಕಿನ ಕಡ್ಡಿ, ಅದರ ಒಂದು ತುದಿಗೆ ಮರದ ಗುಬುಟು. ಉಕ್ಕಿನ ತುದಿಯನ್ನು ಬೇರಿಂಗಿನ ಮುಚ್ಚಳಕ್ಕೆ ಒತ್ತಿ, ಗುಬುಟಿಗೆ ಕಿವಿ ಕೊಟ್ಟರೆ ಒಳಗಿನ ಸದ್ದೆಲ್ಲ ಕೇಳಿಸುತ್ತದೆ. ಸರಿಯಿದೆ ಎನಿಸಿದರೆ ಪಂಪಿನ ಮೈಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಮೂವತ್ತೊಂದು ವರ್ಷ ಅವರ ಅಂಗಿಯ ಜೇಬಿನಿಂದ ಆ ಸುಣ್ಣ ಒಗೆದು ನನ್ನ ಉಗುರುಗಳು ಬೆಳ್ಳಗಾಗಿವೆ.

ಆ ಕಡ್ಡಿಯಿಂದಲೇ ಅವರಿಗೆ ಕಡ್ಡಿ ಎಂದು ಹೆಸರು ಬಿತ್ತು. ಮೈಯೂ ಹಾಗೇ ಇತ್ತೆನ್ನಿ. ಪಂಪ್‌ಹೌಸಿನಲ್ಲಿ ಕಡ್ಡಿ ಹೇಳಿದ್ದೇ ವೇದವಾಕ್ಯ. ಒಮ್ಮೆ ಗೇಟಿನ ಹತ್ತಿರ ಸೈಕಲ್ಲಿಗೆ ಬೀಗ ಹಾಕುತ್ತಿದ್ದವರು ತಲೆ ಎತ್ತಿ, "ನಾಲ್ಕನೇದು ಕೆಮ್ತಾ ಇದೆ" ಎಂದರಂತೆ. ಬಿಚ್ಚಿ ನೋಡಿದರೆ ನಾಲ್ಕನೆಯದರ ಬೇರಿಂಗಿನಲ್ಲಿ ಕೂದಲೆಳೆಯ ಬಿರುಕು. ಅವತ್ತಿನಿಂದ ಎಂಜಿನಿಯರುಗಳು ಕೂಡ ಅವರ ಮುಂದೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಪಕ್ಕದ ಕೋಣೆಯಲ್ಲಿ ಮೂಗೆಳೆದರೂ, "ಯಾಕೆ ಅಳ್ತಾ ಇದೀಯ?" ಎಂದು ಬರುತ್ತಿದ್ದರು. ಅಂಥ ಕಿವಿಯ ಗಂಡನ ಜೊತೆ ಬಾಳುವುದು ಎಷ್ಟು ಕಷ್ಟ ಗೊತ್ತೇ? ಗೊಣಗುವ ಸುಖವೂ ಇಲ್ಲ.

ನನ್ನ ಕೆಲಸ ಅದೇ ಹಜಾರದ ಮೇಲಂತಸ್ತಿನ ಗಾಜಿನ ಕೋಣೆಯಲ್ಲಿ. ಪಂಪುಗಳ ಒತ್ತಡ, ಬಿಸಿ, ಎಲ್ಲ ಅಂಕಿಗಳನ್ನೂ ತಾಸಿಗೊಮ್ಮೆ ದಾಖಲು ಮಾಡುವುದು. ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದೆ, ಆಮೇಲೆ ಕಂಪ್ಯೂಟರಿನಲ್ಲಿ. ಕುಳಿತಲ್ಲಿಂದಲೇ ಗಂಡನ ತಲೆ ಪಂಪಿನಿಂದ ಪಂಪಿಗೆ ಹೋಗುವುದು ಕಾಣುತ್ತಿತ್ತು. ಗಂಡನ ಮೇಲೆ ಇಷ್ಟು ನಿಗಾ ಇಡುವ ಭಾಗ್ಯ ಎಷ್ಟು ಹೆಂಡಿರಿಗಿದೆ?

ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಬೀಗದ ಕೈ ಮರೆತು ಮನೆ ಬಾಗಿಲಲ್ಲಿ ನಿಂತು ಬೆಲ್ ಒತ್ತಿದೆ. ಒತ್ತಿದೆ, ಒತ್ತಿದೆ, ಹೆಬ್ಬೆರಳು ನೋವು ಬರುವ ತನಕ ಒತ್ತಿದೆ. ಕಿಟಕಿಯಲ್ಲಿ ಇಣುಕಿದರೆ ಮಹಾರಾಯರು ಬಾಗಿಲಿಂದ ಮೂರು ಮಾರು ದೂರದಲ್ಲಿ ಕುಳಿತು ಪೇಪರ್ ಓದುತ್ತಿದ್ದಾರೆ! ಒಬ್ಬ ಹೆಂಡತಿ ಕಿಟಕಿಯಿಂದ ಏನೇನು ಕೂಗಬಹುದೋ ಎಲ್ಲ ಕೂಗಿದೆ. ಅಕ್ಕಪಕ್ಕದವರು ಹೊರಗೆ ಬಂದರು. ಇವರು ಪುಟ ತಿರುಗಿಸಿದರು. ಕೊನೆಗೆ ಯಾವುದೋ ಗಳಿಗೆಯಲ್ಲಿ ನನ್ನ ಮುಖ ಕಂಡು ಎದ್ದು ಬಂದು ಬಾಗಿಲು ತೆಗೆದು, "ಬೆಲ್ ಕೆಟ್ಟಿರ್ಬೇಕು, ನೋಡ್ತೀನಿ ಇರು" ಎಂದರು.

ಸ್ಟೂಲು ಹಾಕಿ ಬೆಲ್ ಬಿಚ್ಚಿದರು. ಬಟ್ಟೆಯಲ್ಲಿ ಒರೆಸಿದರು, ತಂತಿ ಕೆರೆದರು, ಮತ್ತೆ ಜೋಡಿಸಿ ಗುಂಡಿ ಒತ್ತಿ ನನ್ನ ಮುಖ ನೋಡಿದರು.

"ಈಗ ಸರಿ ಆಯ್ತಲ್ಲ?"

ಅದು ಮೊದಲೂ ಸರಿಯಾಗಿಯೇ ಕೂಗುತ್ತಿತ್ತು, ಆಗಲೂ ಕೂಗುತ್ತಿತ್ತು. ಊರಿಗೆಲ್ಲ ಇದ್ದದ್ದು ಇದ್ದಂತೆ ಹೇಳಿ ನಿಷ್ಠುರ ಕಟ್ಟಿಕೊಳ್ಳುವ ನಾನು ಆ ಹೊತ್ತು, "ಹೂಂ, ಸರಿ ಆಯ್ತು" ಎಂದುಬಿಟ್ಟೆ. ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ನಾಟಕ.

ಮೂರು ದಶಕ ಹನ್ನೆರಡು ಪಂಪುಗಳ ಗದ್ದಲ ಕುಡಿದ ಕಿವಿ ಇನ್ನೇನಾದೀತು? ಆದರೆ ನಮ್ಮಲ್ಲಿ ನಿಯಮವಿದೆ: ಕಿವಿ ಕೇಳಿಸದವರು ಯಂತ್ರಗಳ ನಡುವೆ ನಿಲ್ಲುವಂತಿಲ್ಲ. ಗೇಟಿನ ಗೂಡಿನಲ್ಲಿ ಕುಳಿತು ಬಂದುಹೋಗುವ ಗಾಡಿಗಳ ನಂಬರು ಬರೆಯಬೇಕು. "ಗಾಡಿ ನಂಬರ್ ಬರೆಯೋ ಬದ್ಲು ನನ್ನನ್ನ ಆ ಪಂಪಿನ ಕೆಳಗೇ ಹೂತುಬಿಡಿ" ಎಂದು ಇವರು ಒಂದೇ ಸಲ ಹೇಳಿದ್ದು, ನಾನು ಇನ್ನೊಂದು ಸಲ ಆ ಮಾತು ಎತ್ತಲಿಲ್ಲ. ಅವರ ಬದುಕಲ್ಲಿ ಬೇರೆ ಏನಿತ್ತು? ಮಕ್ಕಳಿಲ್ಲ ಮರಿಯಿಲ್ಲ. ಇದ್ದದ್ದು ಹನ್ನೆರಡು ಪಂಪು ಮತ್ತು ನಾನು. ಯಾವುದು ಮೊದಲು ಎಂದು ನಾನು ಯಾವತ್ತೂ ಕೇಳಲಿಲ್ಲ, ಉತ್ತರ ಗೊತ್ತಿತ್ತು.

ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ ಇರುತ್ತದೆ, ಅದರಲ್ಲಿ ಹೇಗೆ ಪಾಸಾದರು ಎನ್ನುತ್ತೀರಾ? ನಮ್ಮ ಕಾಂಪೌಂಡರ್ ಮಹಾಶಯ ಇವರನ್ನು ಕಂಡ ಕೂಡಲೇ ಎದ್ದು ನಿಂತು, "ಕಡ್ಡಿಯವರ ಕಿವಿ ಪರೀಕ್ಷೆ ಮಾಡೋಕೆ ನಾನ್ಯಾರು ಸ್ವಾಮಿ!" ಎಂದು ಯಂತ್ರ ಮುಟ್ಟದೆ ಸಹಿ ಹಾಕಿ ಕೊಟ್ಟ. ಒಂದು ವರ್ಷವಲ್ಲ, ನಾಲ್ಕೂ ವರ್ಷ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮವರು. ಒಮ್ಮೆ ಒಬ್ಬನನ್ನು ದೊಡ್ಡವನೆಂದರೆ ಮುಗಿಯಿತು, ಮತ್ತೆ ಯಾರೂ ತೂಕಕ್ಕೆ ಹಾಕುವುದಿಲ್ಲ.

ಇನ್ನು ಹಜಾರದಲ್ಲಿ ಸಿಕ್ಕಿಬೀಳುವ ಭಯವೇ ಇರಲಿಲ್ಲ. ಆ ಗದ್ದಲದಲ್ಲಿ ಎಲ್ಲರೂ ಕಿವಿಗೆ ಬಿರಡೆ ತುರುಕಿಕೊಂಡು ಕೈಸನ್ನೆಯಲ್ಲೇ ಮಾತಾಡುವವರು. ಎಲ್ಲರೂ ಕಿವುಡರಾದ ಕಡೆ ನಿಜವಾದ ಕಿವುಡ ಯಾರೆಂದು ಹೇಗೆ ತಿಳಿಯಬೇಕು? ಚಹಾ ಕುಡಿಯುವಾಗ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು, ತಿಳಿಯದಿದ್ದರೆ ಮುಗುಳ್ನಗುತ್ತಿದ್ದರು. ಮೊದಲಿಂದಲೂ ಮಾತು ಕಡಿಮೆ, ಹಾಗಾಗಿ ದೊಡ್ಡ ಮನುಷ್ಯ ಎನಿಸಿಕೊಂಡರು. ಕೆಲಸಕ್ಕೆ ಮಾತ್ರ ಮೋಸ ಮಾಡಲಿಲ್ಲ. ಕಡ್ಡಿಯ ಗುಬುಟನ್ನು ದವಡೆಗೆ ಒತ್ತಿ, ಇನ್ನೊಂದು ಕೈಯ ಅಂಗೈಯನ್ನು ಪಂಪಿನ ಮೈಮೇಲಿಟ್ಟು, ಕಣ್ಣು ಮುಚ್ಚಿ ನಡುಕ ಓದುತ್ತಿದ್ದರು. ಈ ನಾಲ್ಕು ವರ್ಷದಲ್ಲಿ ಎರಡು ದೋಷ ಅಂಗೈಯಲ್ಲೇ ಹಿಡಿದರು. ಅದನ್ನು ನೋಡಿ ನಾನು ಧೈರ್ಯ ತಂದುಕೊಂಡೆ. ಅಂಗೈಗೆ ಸಿಗದೆ ಹೋದದ್ದು ಎಷ್ಟು ಎಂದು ಯೋಚಿಸಲೇ ಇಲ್ಲ.

ಇಂಥ ಹೊತ್ತಿಗೆ ಬಂತು ಆ ನಾಲ್ಕು ಕಾಲಿನ ಸಿಬ್ಬಂದಿ. ಜೊತೆಗೆ ಅದನ್ನು ನೋಡಿಕೊಳ್ಳಲು ಒಬ್ಬ ಎಂಜಿನಿಯರ್. ಊಟದ ಹೊತ್ತಿನಲ್ಲೂ ಕೈಯಿಂದ ಅದರ ರಿಮೋಟ್ ಬಿಡುತ್ತಿರಲಿಲ್ಲವಾದ್ದರಿಂದ ಅವನ ಹೆಸರೇ ರಿಮೋಟ್ ಆಯಿತು. ಯಂತ್ರಕ್ಕೆ ಹೆಸರಿಡಲು ಮುಖ್ಯಸ್ಥರು ಸ್ಪರ್ಧೆ ಏರ್ಪಡಿಸಿದರು. ಯಾರು ಗೆದ್ದರೋ ನೆನಪಿಲ್ಲ, ನಿಂತ ಹೆಸರು ನಾನಿಟ್ಟದ್ದು: ಅಳಿಯ. ಮತ್ತೇನು ಹೇಳಿ? ಬಂದರೆ ಎಲ್ಲರೂ ದಾರಿ ಬಿಡಬೇಕು. ಅದಕ್ಕೆಂದೇ ತಂಪು ಕೋಣೆ, ಅದಕ್ಕೆಂದೇ ಚಾಪೆ. ಎರಡು ತಾಸು ಓಡಾಡಿದರೆ ತಾನಾಗಿ ಹೋಗಿ ಚಾಪೆಯ ಮೇಲೆ ಕುಕ್ಕರಿಸಿ ಕರೆಂಟು ಕುಡಿಯುತ್ತದೆ. ಯಾರೂ ಒಂದು ಮಾತು ಅನ್ನುವಂತಿಲ್ಲ. ಮನೆ ಅಳಿಯನಿಗೂ ಇಷ್ಟು ಉಪಚಾರ ಇಲ್ಲ.

ಅದಕ್ಕೆ ಏನೇನು ಬರುತ್ತದೆ ಎಂದು ರಿಮೋಟ್ ಹೇಳತೊಡಗಿದರೆ ವರನನ್ನು ಹೊಗಳುವ ಮದುವೆ ದಳ್ಳಾಳಿಯೂ ನಾಚಬೇಕು. ಮೆಟ್ಟಿಲು ಹತ್ತುತ್ತದೆ, ಇಳಿಯುತ್ತದೆ, ಎಣ್ಣೆಯ ಮೇಲೆ ಜಾರಿದರೂ ಎದ್ದು ನಿಲ್ಲುತ್ತದೆ. ಯಾವ ಭಾಗ ಎಷ್ಟು ಬಿಸಿಯಾಗಿದೆ ಎಂದು ಮುಟ್ಟದೆ ನೋಡುತ್ತದೆ. ಮನುಷ್ಯರ ಕಿವಿಗೆ ನಿಲುಕದ ಕೀರಲು ಸದ್ದು ಹಿಡಿಯುತ್ತದೆ. ಮುಳ್ಳಿನ ಮೀಟರು ಓದುತ್ತದೆ, ವಿಷಗಾಳಿ ಮೂಸುತ್ತದೆ. ಒಂದು ಸಲ ಕೈಹಿಡಿದು ದಾರಿ ತೋರಿಸಿದರೆ ಅದೇ ದಾರಿಯಲ್ಲಿ, ಅದೇ ಜಾಗಗಳಲ್ಲಿ ನಿಂತು, ಸಾವಿರ ಸಲ ನೋಡಿ ಬರುತ್ತದೆ. "ಬೇಸರ ಅನ್ನೋದೇ ಇಲ್ಲ ಮೇಡಂ ಇದಕ್ಕೆ" ಎಂದ ನನಗೆ.

"ನಿನ್ನ ಮಾತು ದಿನಾ ಕೇಳ್ತಿದ್ರೂ ಬೇಸರ ಇಲ್ವಾ? ಹಾಗಾದ್ರೆ ಗಟ್ಟಿ ಪಿಂಡ ಬಿಡು" ಎಂದೆ.

ಸುಳ್ಳೇಕೆ ಹೇಳಲಿ, ಒಂದು ಕೆಲಸಕ್ಕೆ ನಾನು ಅದಕ್ಕೆ ಕೈ ಮುಗಿಯಲು ಸಿದ್ಧಳಿದ್ದೆ. ಕೆಳಗಿನ ಸುರಂಗದಲ್ಲಿ ಕೆಟ್ಟ ಗಾಳಿ ತುಂಬಿಕೊಳ್ಳುತ್ತದೆ. ಹಿಂದೊಮ್ಮೆ ಇಬ್ಬರು ಅಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಇದು ಟಪಟಪನೆ ಇಳಿದು, ಎಲ್ಲ ಮೂಸಿ, ಚಿತ್ರ ಹಿಡಿದು, ಟಪಟಪನೆ ಹತ್ತಿ ಬರುತ್ತಿತ್ತು. ಭೇಷ್. ಆದರೆ ನಮ್ಮ ಮುಖ್ಯಸ್ಥರಿಗೆ ಅದು ಸುರಂಗಕ್ಕಿಂತ ಅಂಗಳದಲ್ಲಿ ಬೇಕು. ವಾರಕ್ಕೆರಡು ತಂಡ ಅತಿಥಿಗಳು ಬರುವುದು, ಇದು ಕೂತು ನಮಸ್ಕಾರ ಮಾಡುವುದು, ಹಾಡು ಹಾಕಿದರೆ ನಾಲ್ಕೂ ಕಾಲಿನಲ್ಲಿ ತಕಥೈ ಕುಣಿಯುವುದು, ಎಲ್ಲರೂ ಚಪ್ಪಾಳೆ ತಟ್ಟಿ ಮೊಬೈಲಿನಲ್ಲಿ ಹಿಡಿದುಕೊಳ್ಳುವುದು. ಊರಿಗೆ ನೀರು ಎತ್ತುವ ಪಂಪನ್ನು ಒಬ್ಬನಾದರೂ ತಿರುಗಿ ನೋಡಬೇಕಲ್ಲ! ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ.

ಎಡವಟ್ಟುಗಳಿಗೂ ಕಡಿಮೆಯಿರಲಿಲ್ಲ. ಮೀಟರಿನ ಗಾಜಿನ ಮೇಲೆ ಒಂದು ಪತಂಗ ಕುಳಿತಿದ್ದಾಗ ಅದರ ಮೀಸೆಯನ್ನೇ ಮುಳ್ಳೆಂದು ಓದಿ, ಒತ್ತಡ ಏರಿತೆಂದು ಇಡೀ ಪಂಪ್‌ಹೌಸನ್ನು ಎಬ್ಬಿಸಿತು. ನೆಲ ಒರೆಸುವವಳು ಬಿಟ್ಟುಹೋದ ಬಕೆಟ್ಟಿನ ಮುಂದೆ ಒಂದು ತಾಸು ಧ್ಯಾನಕ್ಕೆ ನಿಂತಿತು. ನಾನು ಆ ಎರಡು ಕಥೆಗಳನ್ನು ಸಿಕ್ಕವರಿಗೆಲ್ಲ ಹೇಳಿ ನಗಿಸಿದೆ. ಅದು ನಗೆಪಾಟಲಾದಷ್ಟೂ ನನ್ನ ಗಂಡ ಭದ್ರ ಎಂಬುದು ನನ್ನ ಲೆಕ್ಕಾಚಾರ. ಸದ್ದು ಹಿಡಿಯುವ ಯಂತ್ರ ಬಂದ ಮೇಲೆ ಸದ್ದು ಕೇಳಿಸದ ಮನುಷ್ಯ ಎಷ್ಟು ದಿನ ಬಚ್ಚಿಟ್ಟುಕೊಂಡಾನು?

ತಮಾಷೆಯೆಂದರೆ ಇವರಿಗೆ ಅದರ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ಅದಕ್ಕೆ ದಾರಿ ತೋರಿಸುವ ಕೆಲಸ ಇವರಿಗೇ ಬಂತು. ಅದು ಇವರ ಸುತ್ತು ಕಲಿಯಿತು. ಆಮೇಲೂ ಎರಡೂ ಸುತ್ತುಗಳು ಒಂದೇ ಹೊತ್ತಿಗೆ ನಡೆಯುತ್ತಿದ್ದವು: ಮುಂದೆ ಇವರು, ಹಿಂದೆ ಅದು. ಪಂಪುಗಳ ನಡುವಿನ ಓಣಿ ಕಿರಿದು. ಬೇರೆ ಯಾರಾದರೂ ಅಡ್ಡ ಸಿಕ್ಕರೆ ಅದು ಬೆನ್ನ ಹಿಂದೆ ಬಂದು ಪೀಂ ಎನ್ನುತ್ತಿತ್ತು. ಆ ಗದ್ದಲದಲ್ಲಿ ಎರಡು ಹೆಜ್ಜೆ ಆಚೆಯವರಿಗೆ ಅದು ಕೇಳಿಸದು, ಆದರೆ ಮುಂದಿದ್ದವನಿಗೆ ಬಿರಡೆ ದಾಟಿ ಚುಚ್ಚುವಷ್ಟು ಚೂಪು. ಎಲ್ಲರೂ ಸರಕ್ಕನೆ ಪಕ್ಕಕ್ಕೆ ಸರಿಯುತ್ತಿದ್ದರು. ಇವರ ಹಿಂದೆ ಮಾತ್ರ ಅದು ಸುಮ್ಮನೆ ನಿಂತಿರುವುದು ಕಾಣುತ್ತಿತ್ತು. ಇವರು ಕಣ್ಣು ಮುಚ್ಚಿ ಅಂಗೈ ಇಟ್ಟು ನಿಂತಷ್ಟು ಹೊತ್ತೂ ಅದು ತಲೆ ತಗ್ಗಿಸಿ ಕಾಯುತ್ತಿತ್ತು.

"ನೋಡ್ರೋ, ಮಾವ ಅಂದ್ರೆ ಅಳಿಯನಿಗೆ ಎಷ್ಟು ಮರ್ಯಾದೆ!" ಎಂದು ಎಲ್ಲರೂ ನಕ್ಕರು. "ಮಗಳಿಲ್ಲದೇ ಅಳಿಯ ಸಿಕ್ಕ, ಪುಣ್ಯವಂತ ಕಡ್ಡಿ" ಎಂದರು. ಮುಖ್ಯಸ್ಥರು ಆ ದೃಶ್ಯದ ಫೋಟೋ ತೆಗೆಸಿ, "ಅನುಭವದ ಹಿಂದೆ ತಂತ್ರಜ್ಞಾನ" ಎಂದು ಕೆಳಗೆ ಬರೆಸಿ ಗೋಡೆಗೆ ಹಾಕಿದರು. ಇವರು ಆ ಫೋಟೋದ ಮುಂದೆ ನಿಂತು ನೋಡುವುದನ್ನು ನಾನು ಎರಡು ಮೂರು ಸಲ ಗಾಜಿನೊಳಗಿಂದ ಕಂಡೆ. ಸುತ್ತು ಮುಗಿದ ಮೇಲೆ ಕೈಬಟ್ಟೆಯಿಂದ ಅದರ ಕಾಲಿನ ಕೀಲುಗಳನ್ನು ಒರೆಸುತ್ತಿದ್ದರು. "ಪಾಪ, ಮೆಟ್ಟಿಲು ಹತ್ತಿ ಹತ್ತಿ ಇದಕ್ಕೂ ಮೊಣಕಾಲು ಹಿಡಿಯುತ್ತೋ ಏನೋ" ಎಂದು ಮನೆಯಲ್ಲಿ ಹೇಳಿದರು.

"ನನ್ನ ಮೊಣಕಾಲು ಹಿಡಿದು ಆರು ವರ್ಷ ಆಯ್ತು, ಒಂದು ದಿನ ಒರೆಸಿದೀರಾ?" ಎಂದೆ. ತುಟಿ ಓದಿ ನಕ್ಕರು.

ಹೀಗಿರುವಾಗ ಒಂದು ಸೋಮವಾರ ಅಳಿಯ ಒಂಬತ್ತನೆಯ ಪಂಪಿಗೆ ಕೆಂಪು ಗುರುತು ಹಾಕಿತು. ನನ್ನ ಪರದೆಯಲ್ಲಿ ಸದ್ದಿನ ಗೆರೆ ಕಂಡಿತು. ಉಳಿದ ಪಂಪುಗಳದ್ದು ಮಲಗಿತ್ತು, ಇದರದ್ದು ತಲೆ ಎತ್ತಿತ್ತು. ಬಿಸಿ ಎರಡೇ ಡಿಗ್ರಿ ಹೆಚ್ಚು. ಮಂಗಳವಾರ ಗೆರೆ ಇನ್ನಷ್ಟು ಎದ್ದಿತು. ರಿಮೋಟ್ ಓಡಿಹೋಗಿ ಮುಖ್ಯಸ್ಥರಿಗೆ ಹೇಳಿದ, "ಬೇರಿಂಗ್ ಹೋಗ್ತಾ ಇದೆ ಸಾರ್, ಇದನ್ನ ನಿಲ್ಲಿಸ್ಬೇಕು."

ಮುಖ್ಯಸ್ಥರು ನನ್ನ ಗಂಡನನ್ನು ಕರೆಸಿದರು. ಇವರು ಕಡ್ಡಿ ಒತ್ತಿದರು, ಅಂಗೈ ಇಟ್ಟರು, ತಲೆಯಾಡಿಸಿದರು, ಒಂಬತ್ತನೆಯದರ ಮೈಮೇಲೆ ಉದ್ದಕ್ಕೆ ಒಂದು ಗೀಟೆಳೆದರು. ಮುಖ್ಯಸ್ಥರು ರಿಮೋಟ್‌ನ ಬೆನ್ನು ತಟ್ಟಿ, "ನಿನ್ನ ಅಳಿಯನಿಗೆ ಮತ್ತೆ ಪತಂಗ ಕಂಡಿರ್ಬೇಕು. ಮೊದಲು ಅವನ ಕಿವಿ ರಿಪೇರಿ ಮಾಡಿಸು" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಕುಣಿಸಿ ಚಪ್ಪಾಳೆ ಗಿಟ್ಟಿಸಲು ಯಂತ್ರ ಬೇಕು, ಅದು ಕೆಲಸದ ಮಾತು ಹೇಳಿದರೆ ಕೇಳಲು ಯಾರಿಗೂ ಪುರುಸೊತ್ತಿಲ್ಲ. ನಾನೂ ನಕ್ಕೆ. ಗಾಜಿನೊಳಗಿದ್ದುದರಿಂದ ಯಾರಿಗೂ ಕಾಣಲಿಲ್ಲ, ಅಷ್ಟೇ.

ಅವತ್ತು ಸಂಜೆ ದೀಪದ ಕೆಳಗೆ ಎದುರು ಕುಳಿತು ಕೇಳಿದೆ, "ಒಂಬತ್ತನೇದು ನಿಜವಾಗ್ಲೂ ಸರಿ ಇದೆಯಾ?"

"ಕೈಗೆ ಏನೂ ಸಿಗಲಿಲ್ಲ."

"ಕೈಗೆ ಸಿಗದೇ ಇರೋದು ಇರಬಹುದಲ್ಲ?"

ಅವರು ಎದ್ದು ಹೋಗಿ ಮುಖ ತೊಳೆದುಕೊಂಡರು. ಬೆನ್ನು ತಿರುಗಿಸಿದರೆ ಮುಗಿಯಿತು, ನನ್ನ ಮಾತು ಗೋಡೆಗೆ.

ಬುಧವಾರ ಗೆರೆ ಇನ್ನೂ ಮೇಲಕ್ಕೆ ಹೋಯಿತು. ಗುರುವಾರ ಬೆಳಗ್ಗೆ ಕರೆಂಟಿನ ತಂತಿ ಬದಲಿಸಲೆಂದು ಹತ್ತು ನಿಮಿಷ ಇಡೀ ಪಂಪ್‌ಹೌಸ್ ನಿಲ್ಲಿಸುವುದೆಂದಾಯಿತು. ಆಮೇಲೆ ಮೊದಲು ಶುರುವಾಗಬೇಕಾದದ್ದು ಒಂಬತ್ತು. ಅದು ತಿರುಗುತ್ತಿರುವಾಗಲೇ ಪಕ್ಕದ ಎಂಟರ ವಾಲ್ವು ಬಿಗಿಯಲು ಒಬ್ಬ ಫಿಟ್ಟರ್ ಗುಂಡಿಗೆ ಇಳಿಯಬೇಕು. ಒಂಬತ್ತರ ಶಾಫ್ಟಿಗೂ ಅವನ ಹೆಗಲಿಗೂ ಒಂದು ಮೊಳ ಅಂತರ. ಬೇರಿಂಗ್ ಒಡೆದು ಶಾಫ್ಟು ಕಿತ್ತು ಬಂದರೆ ಆ ಗುಂಡಿಯಲ್ಲಿ ಓಡಲು ಜಾಗವಿಲ್ಲ.

ಆ ಫಿಟ್ಟರ್ ಬೇರೆ ಯಾರೂ ಅಲ್ಲ, ನನ್ನ ತಮ್ಮ. ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ನಾನೇ ತಲೆ ಬಾಚಿ ಉಣ್ಣಿಸಿ ಬೆಳೆಸಿದ್ದು. ಈಗಲೂ ನನ್ನ ಮುಂದೆ ಬಗ್ಗಿ ಹೆಲ್ಮೆಟ್ ಪಟ್ಟಿ ಕಟ್ಟಿಸಿಕೊಳ್ಳುವವನು. ಕೆಲಸ ಕಲಿಸಿದ್ದು ಅವನ ಭಾವ, ಎಂದರೆ ನನ್ನ ಗಂಡ. ಭಾವನ ಸೀಮೆಸುಣ್ಣದ ಗೀಟಿದ್ದರೆ ಅವನು ಬೆಂಕಿಗೂ ಇಳಿದಾನು.

ಪಂಪುಗಳು ಒಂದೊಂದಾಗಿ ನಿಂತವು. ಹಜಾರ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಮೂವತ್ತು ವರ್ಷದಲ್ಲಿ ನಾಲ್ಕೈದು ಸಲ ಕಂಡಿರಬಹುದು. ಎಲ್ಲರೂ ಬಿರಡೆ ತೆಗೆದು ಕಿವಿ ಉಜ್ಜಿಕೊಂಡರು. ಓಣಿಯಲ್ಲಿ ಒಂಬತ್ತರ ಮುಂದೆ ನನ್ನ ಗಂಡ, ಅವರೆದುರು ಮುಖ್ಯಸ್ಥರು, ರಿಮೋಟ್, ನಾಲ್ಕೈದು ಕೆಲಸಗಾರರು. ನನ್ನ ತಮ್ಮ ಉಪಕರಣದ ಪೆಟ್ಟಿಗೆ ಹೆಗಲಿಗೇರಿಸಿ ಗುಂಡಿಯ ಮೆಟ್ಟಿಲ ಬಳಿ ನಿಂತಿದ್ದ. ಮುಖ್ಯಸ್ಥರು ಕೇಳಿದರು, "ಏನಪ್ಪಾ ಕಡ್ಡಿ, ಒಂಬತ್ತು ಶುರು ಮಾಡೋದಾ?"

ಇವರು ತುಟಿ ಓದಿದರು. "ಮಾಡಿ" ಎಂದರು.

ನನ್ನ ತಮ್ಮ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ನಾನು ಪರದೆಯ ಮೇಲಿನ ಬುಧವಾರದ ಗೆರೆ ನೋಡಿದೆ, ಕೆಳಗೆ ಅವನ ಹೆಲ್ಮೆಟ್ ನೋಡಿದೆ. ಯಂತ್ರ ಸುಳ್ಳಾದರೆ ಕಟ್ಟಿಕೊಂಡ ಗಂಡನ ಮಾನವನ್ನು ಸುಮ್ಮಸುಮ್ಮನೆ ಬೀದಿಗೆ ಎಳೆದವಳಾಗುತ್ತೇನೆ. ಯಂತ್ರ ನಿಜವಾದರೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ನಾಲ್ಕು ವರ್ಷ ಕೂತಿದ್ದೆ, ಇನ್ನು ಆಗಲಿಲ್ಲ. ಕುರ್ಚಿ ಬಿಟ್ಟು ಎದ್ದು, ಮೊಣಕಾಲಿನ ನೋವೂ ತಿಳಿಯದೆ ಮೆಟ್ಟಿಲು ಇಳಿದು ಓಡಿದೆ.

"ನಿಲ್ಲೋ! ಇಳೀಬೇಡ!"

ಎಲ್ಲರೂ ತಿರುಗಿದರು. ತಿರುಗದೆ ಇದ್ದವರು ಒಬ್ಬರೇ. ನಾನು ಹೋಗಿ ಅವರ ಎದುರಿಗೆ, ಮುಖ್ಯಸ್ಥರ ಪಕ್ಕದಲ್ಲಿ ನಿಂತೆ. ನನ್ನ ಗಂಡನಿಗೂ ಕಾಣಲಿ ಎಂದು ತುಟಿ ಬಿಡಿಸಿ ಹೇಳಿದೆ, "ಇವರಿಗೆ ಕಿವಿ ಕೇಳಿಸಲ್ಲ. ನಾಲ್ಕು ವರ್ಷ ಆಯ್ತು. ಒಂಬತ್ತರಲ್ಲಿ ಸದ್ದು ಇದೆಯೋ ಇಲ್ವೋ ಇವರಿಗೆ ಗೊತ್ತಿಲ್ಲ."

ಮುಖ್ಯಸ್ಥರು ನಕ್ಕರು. ಹೌದು ಸ್ವಾಮಿ, ನಕ್ಕರು! "ಏನಮ್ಮಾ, ಮನೇಲಿ ಜಗಳ ಆಯ್ತಾ? ಹೆಂಡ್ತಿ ಮಾತು ಯಾವ ಗಂಡನಿಗೆ ಕೇಳ್ಸುತ್ತೆ ಹೇಳಿ!" ಕೆಲಸಗಾರರೂ ನಕ್ಕರು. ನನ್ನ ತಮ್ಮನೂ ಸಂಕೋಚದಿಂದ, "ಅಕ್ಕಾ, ಏನಿದು? ಹೋಗು ಮೇಲೆ" ಎಂದ. ನಾಲ್ಕು ವರ್ಷ ಸುಳ್ಳು ಹೇಳಿದಾಗ ಒಬ್ಬನೂ ಅನುಮಾನಿಸಲಿಲ್ಲ; ಒಂದು ನಿಜ ಹೇಳಿದರೆ ಜೋಕು.

ನನ್ನ ಗಂಡ ನಗಲಿಲ್ಲ. ನನ್ನ ತುಟಿಯನ್ನೇ ನೋಡುತ್ತಿದ್ದರು. ಅವರ ಕೈಯಲ್ಲಿದ್ದ ಕಡ್ಡಿ ಮೆಲ್ಲಗೆ ಕೆಳಗಿಳಿಯಿತು.

ಆಗ ಅಳಿಯ ಬಂತು. ಅದಕ್ಕೆ ಕರೆಂಟು ನಿಂತರೇನು, ಊರು ಮುಳುಗಿದರೇನು, ಸುತ್ತಿನ ಹೊತ್ತಾಗಿತ್ತು. ಟಪ ಟಪ ಟಪ ಎಂದು ಓಣಿಗುಂಟ ನಡೆದು ಬಂದು ಇವರ ಬೆನ್ನಿಂದ ಎರಡು ಗೇಣು ದೂರದಲ್ಲಿ ನಿಂತಿತು. ತಲೆ ತಗ್ಗಿಸಿತು.

ಪೀಂ.

ಇವರು ನನ್ನನ್ನೇ ನೋಡುತ್ತ ನಿಂತಿದ್ದರು.

ಪೀಂ. ಪೀಂ.

ಆ ಖಾಲಿ ಹಜಾರದಲ್ಲಿ ಅದು ಗೋಡೆಗೆ ಹೊಡೆದು ವಾಪಸು ಬರುತ್ತಿತ್ತು. ಮುಖ್ಯಸ್ಥರ ನಗು ಬಾಯಲ್ಲೇ ಉಳಿಯಿತು. ನಾಲ್ಕನೆಯ ಪೀಂ. ಐದನೆಯದು. ಆರನೆಯದಕ್ಕೆ ನನ್ನ ತಮ್ಮ ಹೆಗಲಿನ ಪೆಟ್ಟಿಗೆ ಕೆಳಗಿಟ್ಟ. ಅದು ನೆಲಕ್ಕೆ ತಾಗಿದ ಸದ್ದಿಗೂ ಇವರು ತಿರುಗಲಿಲ್ಲ. ಎಲ್ಲರ ಕಣ್ಣೂ ಬೆನ್ನ ಹಿಂದೆ ನೆಟ್ಟಿರುವುದು ಕಂಡ ಮೇಲೆ, ಏನಿದೆ ಎಂದು ನಿಧಾನಕ್ಕೆ ಹಿಂತಿರುಗಿ ನೋಡಿದರು. ಅಳಿಯನನ್ನು ಕಂಡು ಅವರ ಮುಖ ಅರಳಿತು. ಪಕ್ಕಕ್ಕೆ ಸರಿದು, ಕೈಯಿಂದ ದಾರಿ ತೋರಿಸಿ, "ಓ, ಬಂದ್ಯಾ? ಹೋಗಪ್ಪಾ, ಹೋಗು" ಎಂದರು.

ಯಾರೂ ನಗಲಿಲ್ಲ. ಅಷ್ಟು ದಿನವೂ ಅದು ಕೂಗುತ್ತಲೇ ಇತ್ತು. ಮರ್ಯಾದೆಯೂ ಇಲ್ಲ, ಮಾವನೂ ಇಲ್ಲ. ದಾರಿ ಬಿಡು, ದಾರಿ ಬಿಡು ಎಂದು ದಿನಕ್ಕೆ ನಾಲ್ಕು ಸುತ್ತು ಅವರ ಬೆನ್ನಿಗೆ ಹೊಡೆದುಕೊಳ್ಳುತ್ತಿತ್ತು. ಎಲ್ಲ ಗೊತ್ತಿದ್ದ ನನಗೇ ಅದು ಹೊಳೆದಿರಲಿಲ್ಲ, ಇನ್ನು ಆ ಪೆದ್ದರಿಗೆ ಎಲ್ಲಿಂದ ಹೊಳೆಯಬೇಕು?

ಒಂಬತ್ತನ್ನು ಬಿಚ್ಚಿದರು. ಬೇರಿಂಗಿನ ಒಳಗಿನ ಗುಂಡುಗಳು ಕಡಲೆಯಂತೆ ಎರಡೆರಡು ಹೋಳಾಗಿದ್ದವು. "ಶುರು ಮಾಡಿದ್ರೆ ಅರ್ಧ ತಾಸೂ ಬಾಳ್ತಿರ್ಲಿಲ್ಲ" ಎಂದು ರಿಮೋಟ್ ಹೇಳಿದ. ಮೊದಲ ಬಾರಿಗೆ ಅವನ ದನಿಯಲ್ಲಿ ಜಂಬ ಇರಲಿಲ್ಲ. ನನ್ನ ತಮ್ಮ ಒಂದು ಹಿಡಿ ಚೂರು ತಂದು ಭಾವನ ಅಂಗೈಗೆ ಹಾಕಿದ. ಇವರು ಹೆಬ್ಬೆರಳಿಂದ ಒಂದೊಂದನ್ನೂ ಸವರಿ ನೋಡಿದರು. ಆಮೇಲೆ ಒಂಬತ್ತರ ಹತ್ತಿರ ಹೋಗಿ, ತಾವು ಎಳೆದಿದ್ದ ಗೀಟನ್ನು ಅಂಗಿಯ ತೋಳಿನಿಂದ ಒರೆಸಿ ಅಳಿಸಿದರು. ಪೂರ್ತಿ ಹೋಗುವ ತನಕ ಒರೆಸಿದರು.

ಮಧ್ಯಾಹ್ನಕ್ಕೆ ಮುಖ್ಯಸ್ಥರು ಇವರಿಗೆ ಗೇಟಿನ ಗೂಡಿಗೆ ವರ್ಗದ ಆದೇಶ ಕೊಟ್ಟರು. ಕಾಂಪೌಂಡರ್ ತಾನು ಎಲ್ಲ ಪರೀಕ್ಷೆಗಳನ್ನೂ ಸರಿಯಾಗಿಯೇ ಮಾಡಿದ್ದಾಗಿ ಬರೆದುಕೊಟ್ಟ. ಗೋಡೆಯ ಫೋಟೋ ಸಂಜೆಯೊಳಗೆ ಮಾಯವಾಯಿತು. ಇಂಥ ಕೆಲಸಕ್ಕೆ ನಮ್ಮವರು ಬಲು ಚುರುಕು.

ಮನೆಗೆ ಬಂದು ಇವರು ಮೇಜಿನ ಹತ್ತಿರ ಕುಳಿತರು. ನಾನು ಬೈಗುಳಕ್ಕೆ ಕಾಯುತ್ತ, ದೀಪ ಹಾಕಿ ಎದುರಿಗೆ ಕುಳಿತೆ. ಅವರು ಕೇಳಿದರು, "ಎಷ್ಟು ಸಲ ಕೂಗ್ತು?"

"ಆರು."

"ದಿನಾನೂ ಕೂಗ್ತಿತ್ತಾ?"

"ಕೂಗ್ತಿತ್ತು ಅನ್ಸುತ್ತೆ."

ಜೇಬಿನಿಂದ ಸೀಮೆಸುಣ್ಣ ತೆಗೆದು ಮೇಜಿನ ಮೇಲಿಟ್ಟರು. "ಅವರೆಲ್ಲ ತಮಾಷೆಗೆ ಅಂತಿದ್ರು" ಎಂದರು. "ನಾನು ನಿಜ ಅಂದ್ಕೊಂಡಿದ್ದೆ ಕಣೇ. ನನ್ನ ಮೇಲಿನ ಮರ್ಯಾದೆಗೆ ನಿಂತ್ಕೊಳ್ಳುತ್ತೆ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಬಾಗಿಲ ಬೆಲ್ ಬಡಿದುಕೊಂಡಿತು. ತಮ್ಮನೇ ಇರಬೇಕೆಂದು ನಾನು ಎದ್ದೆ. ಅವರು ನನ್ನ ಮುಖ ನೋಡಿದರು.

"ಬೆಲ್ಲಾ?"

"ಹೂಂ."

"ಸರಿಯಾಗಿ ಕೂಗುತ್ತಾ ಅದು?"

"ಸರಿಯಾಗೇ ಕೂಗುತ್ತೆ" ಎಂದೆ. "ಅವತ್ತೂ ಕೂಗ್ತಿತ್ತು. ಅದು ಯಾವತ್ತೂ ಕೆಟ್ಟೇ ಇರ್ಲಿಲ್ಲ."

ಅವರು ತಲೆಯಾಡಿಸಿದರು. "ಹೋಗು, ಬಾಗಿಲು ತೆಗಿ. ಪಾಪ, ಎಷ್ಟು ಹೊತ್ತಿಂದ ನಿಂತಿದಾನೋ" ಎಂದರು.